ಅತ್ತೆ ಫೇಲು ಮಾಡಿದ ಕಂಪ್ಯೂಟರು

ಕಂಪ್ಯೂಟರನ್ನು ಪರೀಕ್ಷೆಯಲ್ಲಿ ಫೇಲು ಮಾಡಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಸೋದರತ್ತೆ. ಫೇಲು ಮಾಡಿದ್ದಷ್ಟೇ ಅಲ್ಲ, ಹುಡುಗನ ಅಪ್ಪನನ್ನು ಶಾಲೆಗೆ ಕರೆಸುವ ಹಾಗೆ, ಅದನ್ನು ಜೋಡಿಸಿಕೊಟ್ಟ ಕುಶಾಲನಗರದ ಅಂಗಡಿಯವನನ್ನೂ ಮನೆಗೆ ಕರೆಸಿ ಎದುರಿಗೆ ನಿಲ್ಲಿಸಿಕೊಂಡಿದ್ದರು.

ಅತ್ತೆ ಸುಂಟಿಕೊಪ್ಪದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ರಸ್ತೆಬದಿಯ ಕಟ್ಟಡವೊಂದರ ಮಹಡಿ. ಮಡಿಕೇರಿ ಬಸ್ಸಿಗೆ ಕಾಯುವವರು ತಲೆಯೆತ್ತಿ ನೋಡುವಷ್ಟು ಟೈಪ್‌ರೈಟರುಗಳ ಗದ್ದಲ. ಆ ಗದ್ದಲದೊಳಗೆ ಒಂದು ಸದ್ದು ಮಾತ್ರ ಬೇರೆಯಾಗಿರುತ್ತಿತ್ತು. ಎಡವದೆ, ತಡೆಯದೆ, ಒಂದೇ ಸಮನೆ ಬೀಳುವ ಸದ್ದು. ಅದು ಅತ್ತೆಯದು. ಶಾಲೆಯ ರಜೆಯಲ್ಲಿ ಅಲ್ಲಿಗೆ ಹೋದಾಗ ಮೆಟ್ಟಿಲ ಬುಡದಲ್ಲಿ ನಿಂತು ಅದನ್ನು ಕೇಳಿಸಿಕೊಂಡೇ ಮೇಲೆ ಹತ್ತುತ್ತಿದ್ದೆ. ಈಗ ಅಲ್ಲಿ ಮೊಬೈಲ್ ಅಂಗಡಿ. ಆದರೂ ಬಸ್ಸು ಆ ಕಟ್ಟಡದ ಮುಂದೆ ನಿಂತರೆ ನನ್ನ ಕಿವಿ ತಾನಾಗಿ ಮಹಡಿಯ ಕಡೆ ತಿರುಗುತ್ತದೆ.

ಅತ್ತೆಯ ಲೋಕದಲ್ಲಿ ಮನುಷ್ಯರಿಗೆ ಇದ್ದದ್ದು ಒಂದೇ ಗುಣ: ಸ್ಪೀಡು. ನಿಮಿಷಕ್ಕೆ ಎಷ್ಟು ಪದ ಹೊಡೆಯುತ್ತೀರಿ ಎಂಬುದು. ಜಾತಕ, ಜಮೀನು, ರೂಪ ಎಲ್ಲ ಆಮೇಲೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುವ ಮೊದಲೇ ಅತ್ತೆ ಹುಡುಗನನ್ನು ಕೇಳಿದರು: "ಸ್ಪೀಡ್ ಎಷ್ಟಪ್ಪ ನಿಂದು?"

ಅವರು ಬೈಕಿನ ವಿಚಾರ ಅಂದುಕೊಂಡರು. "ಎಂಬತ್ತರ ತನಕ ಹೋಗ್ತೀನಿ ಅತ್ತೆ. ಘಾಟಿಯಲ್ಲಿ ಸ್ವಲ್ಪ ಕಮ್ಮಿ."

"ಎಂಬತ್ತಾ," ಎಂದು ಅತ್ತೆ ಎದ್ದೇ ನಿಂತರು. ಆಮೇಲೆ ಒಳಗೆ ಬಂದು ನನ್ನ ಕಿವಿಯಲ್ಲಿ, "ಒಪ್ಕೊ ಮಗಾ, ಇಂಥ ಹುಡುಗ ಮತ್ತೆ ಸಿಗಲ್ಲ. ಆದ್ರೆ ಘಾಟಿಯಲ್ಲಿ ಯಾಕೆ ಟೈಪ್ ಮಾಡ್ತಾನೋ ಗೊತ್ತಾಗ್ಲಿಲ್ಲ," ಎಂದರು. ಒಪ್ಪಿಕೊಂಡೆ. ನನ್ನ ಯಜಮಾನರು ಇವತ್ತಿಗೂ ಎರಡು ಬೆರಳಲ್ಲಿ ಟೈಪ್ ಮಾಡುತ್ತಾರೆ.

ಟೈಪ್‌ರೈಟರಿನ ಕಾಲ ಮುಗಿಯಿತು, ಇನ್‌ಸ್ಟಿಟ್ಯೂಟಿಗೆ ಬೀಗ ಬಿತ್ತು. ಅತ್ತೆ ಮದುವೆಯಾದವರಲ್ಲ, ಮೆಷಿನುಗಳೇ ಸಂಸಾರ. ಅವು ಹೋದ ಮೇಲೆ ಕೆಲವು ವರ್ಷ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆಮೇಲೆ ಒಂದು ದಿನ ಕಂಪ್ಯೂಟರು ತರಿಸಿದರು. ಟೈಪಿಂಗ್ ವೇಗ ಅಳೆಯುವ ಪರೀಕ್ಷೆ ಅದರೊಳಗೇ ಇದೆ ಎಂದು, ಎರಡು ಮನೆಯಾಚೆ ಇದ್ದ ನಾನೇ ತೆರೆದು ತೋರಿಸಿದೆ. ಅತ್ತೆ ಸೆರಗು ಬಿಗಿದು ಕೂತರು, ಹೊಡೆದರು. ಪರದೆಯ ಮೇಲೆ ಬಂದದ್ದು ಅವರ ಹಳೆಯ ವೇಗದ ಅರ್ಧವೂ ಅಲ್ಲ.

ಅತ್ತೆ ಕನ್ನಡಕ ಒರೆಸಿ ಇನ್ನೊಮ್ಮೆ ಹೊಡೆದರು. ಇನ್ನೂ ಕಡಿಮೆ ಬಂತು.

"ಮಿಷನ್ ನಿಧಾನ," ಎಂದರು.

ಅಕ್ಷರ ಮೂಡಿಸುವ ಕೆಲಸ ಆ ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ, ಎಷ್ಟು ವೇಗವಾಗಿ ಹೊಡೆದರೂ ಅದು ಕಾದು ಕೂತಿರುತ್ತದೆ. ಬಿ.ಎಸ್ಸಿ. ಮಾಡಿ ಶಾಲೆಯಲ್ಲಿ ಪಾಠ ಹೇಳುವವಳು ನಾನು, ನನಗೆ ಗೊತ್ತಿತ್ತು. ನಿಧಾನವಾದದ್ದು ಯಂತ್ರವಲ್ಲದಿದ್ದರೆ ಮತ್ತೆ ಯಾವುದು ಎಂಬುದೂ ಗೊತ್ತಿತ್ತು. "ಹೌದು ಅತ್ತೆ, ಮಿಷನ್ನೇ ಇರಬೇಕು," ಎಂದೆ. ಹಾಗೇ ಆಗಿರಲಿ ಎಂದು ಮನಸ್ಸು ಹಾತೊರೆಯುತ್ತಿತ್ತು.

ಅಲ್ಲಿಂದ ವಿಚಾರಣೆ ಶುರುವಾಯಿತು. ಪ್ರೊಸೆಸರು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಮೂರು ಪಾಯಿಂಟ್ ಎರಡು ಗಿಗಾಹರ್ಟ್ಸ್ ಎಂದು ಅಚ್ಚಾಗಿತ್ತು. ಪರದೆಯಲ್ಲಿ ವೇಗ ತೋರಿಸುವ ಕಿಟಕಿ ತೆರೆದರೆ ಸೊನ್ನೆ ಪಾಯಿಂಟ್ ಎಂಟು. ಅತ್ತೆಗೆ ಕಳ್ಳ ಸಿಕ್ಕಿದ ಸಂಭ್ರಮ. ಅಂಗಡಿಯವನಿಗೆ ಕರೆ ಹೋಯಿತು. ಪಾಪ, ಅವನೂ ಅತ್ತೆಯ ಹಳೆಯ ವಿದ್ಯಾರ್ಥಿ. ಜೂನಿಯರ್ ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ನಿಂತ.

"ಟೀಚರೇ, ಅದಕ್ಕೆ ಎಂತದೂ ಆಗಲಿಲ್ಲ. ಕೆಲಸ ಇಲ್ಲದಾಗ ಅದು ತನ್ನಷ್ಟಕ್ಕೆ ಸ್ಪೀಡ್ ಇಳಿಸ್ತದೆ. ಕರೆಂಟ್ ಉಳೀತದೆ, ಬಿಸಿ ಆಗೂದಿಲ್ಲ. ಕೆಲಸ ಕೊಟ್ರೆ ಏರಿಸ್ತದೆ. ನೋಡಿ ಬೇಕಾದ್ರೆ." ಅವನು ನಾಲ್ಕಾರು ವಿಡಿಯೊ ಒಟ್ಟಿಗೆ ಓಡಿಸಿದ. ಸಂಖ್ಯೆ ಜಿಗಿದು ಮೂರು ಪಾಯಿಂಟ್ ಎರಡಕ್ಕೆ ಹೋಗಿ ನಿಂತಿತು. ನಿಲ್ಲಿಸಿದ, ಮತ್ತೆ ಸೊನ್ನೆ ಪಾಯಿಂಟ್ ಎಂಟು.

ಅತ್ತೆ ಬಹಳ ಹೊತ್ತು ಅದನ್ನೇ ನೋಡಿದರು. "ಅಂದ್ರೆ ನೋಡೋರು ಬಂದಾಗ ಮಾತ್ರ ಓಡ್ತದೆ, ಅವರು ಆಚೆ ಹೋದ್ರೆ ಮಲಗ್ತದೆ. ಇಂಥವರು ನನ್ನ ಇನ್‌ಸ್ಟಿಟ್ಯೂಟಲ್ಲೂ ಇದ್ರು."

"ಯಾರು ಟೀಚರೇ?"

"ನೀನೇ."

ಅವನು ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಕಂಪ್ಯೂಟರಿಗೆ ಇನ್ನು ಮುಂದೆ ವಿಶ್ರಾಂತಿ ಇಲ್ಲ ಎಂದು ಅಪ್ಪಣೆಯಾಯಿತು. ಯಾವಾಗಲೂ ಪೂರ್ತಿ ವೇಗದಲ್ಲೇ ಇರುವಂತೆ ಸೆಟ್ಟಿಂಗು ಬದಲಾಯಿಸಿಕೊಟ್ಟೆ. ಅದನ್ನೂ ನಂಬದೆ ಅತ್ತೆ ಅದು ತೂಕಡಿಸಬಾರದೆಂದು ಒಂದು ಧಾರಾವಾಹಿ, ಒಂದು ಭಜನೆ, ಒಂದು ಅಡುಗೆಯ ವಿಡಿಯೊ ಮೂರನ್ನೂ ಒಟ್ಟಿಗೆ ಹಾಕಿಟ್ಟು ಟೈಪ್ ಮಾಡಲು ಕೂರುತ್ತಿದ್ದರು. ಧಾರಾವಾಹಿಯ ಸೊಸೆ ಅಳುತ್ತಿದ್ದಳು, ಹಿಂದೆ ತಾಳ ಬೀಳುತ್ತಿತ್ತು, ಯಾರೋ ಸಾಸಿವೆ ಸಿಡಿಸುತ್ತಿದ್ದರು, ಇವರ ಬೆರಳು ಒಂದೊಂದೇ ಕೀ ಹುಡುಕುತ್ತಿತ್ತು. ಹುಡುಕುವುದು! ನೋಡದೆ ಹೊಡೆಯಬೇಕೆಂದು ಕೀಗಳ ಮೇಲೆ ಬಟ್ಟೆ ಮುಚ್ಚಿ ನಮಗೆ ಕಲಿಸಿದವರು ಅವರು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅದು ಕಾಫಿ ಕುಯ್ಲಿನ ಕಾಲ. ಎದುರಿನ ಕಣದಲ್ಲಿ ಹಣ್ಣು ಒಣಗಿಸಿ ರಾಶಿ ಮಾಡುವಾಗ ಏಳುವ ಧೂಳೆಲ್ಲ ಕಂಪ್ಯೂಟರಿನ ಫ್ಯಾನಿನೊಳಗೆ ಸೇರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಕೂಗಿದರು. ಓಡಿ ಹೋದೆ. ಮೂರು ಪಾಯಿಂಟ್ ಎರಡರಲ್ಲಿ ನಿಲ್ಲಬೇಕಾದ ಸಂಖ್ಯೆ ಇಳಿಯುತ್ತಿತ್ತು. ಎರಡು. ಒಂದೂವರೆ. ಕೆಲಸ ತುಂಬ ಇರುವಾಗಲೇ ಇಳಿಯುತ್ತಿತ್ತು. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಕಾವು. ಬಿಸಿ ತಾಳದೆ ಅದು ನಿಜವಾಗಿಯೂ ನಿಧಾನವಾಗುತ್ತಿತ್ತು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?"

"ಹೌದತ್ತೆ. ಇದರದ್ದೇ ತಪ್ಪು."

ಇಬ್ಬರೂ ಕೈ ಹಿಡಿದುಕೊಂಡು ನಕ್ಕೆವು. ಕಂಪ್ಯೂಟರು ಕೆಟ್ಟಿತೆಂದು ಅಷ್ಟು ಸಂತೋಷಪಟ್ಟವರು ಭೂಮಿಯ ಮೇಲೆ ಬೇರೆ ಯಾರಾದರೂ ಇದ್ದಾರೆಯೇ? ಆ ಸಂಜೆ ಅತ್ತೆ ಕೇಸರಿಬಾತ್ ಮಾಡಿದರು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಸ್ನಾನ, ಪೂಜೆ ಮುಗಿಸಿ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ್ದರು. ಪ್ರೊಸೆಸರಿನ ಮೇಲಿನ ಫ್ಯಾನನ್ನೂ ತೆಗೆದಾಗಿತ್ತು. ಅದರ ಅಡಿಯಲ್ಲಿ, ಬಿಸಿ ಹೊರಗೆ ಹೋಗಲೆಂದು ಹಚ್ಚುವ ಬಿಳಿಯ ಲೇಪ ಒಣಗಿ ಅಂಟಿಕೊಂಡದ್ದು ಅವರ ಕಣ್ಣಿಗೆ ಬಿದ್ದಿತ್ತು. ನಮ್ಮದು ಶಿವಪೂಜೆಯ ಮನೆ. ಚೌಕಾಕಾರದ ಹಣೆಯೊಂದರ ಮೇಲೆ ಬಿಳಿಯ ಲೇಪ ಕಂಡರೆ ಅತ್ತೆಗೆ ಇನ್ನೇನು ತೋಚೀತು?

"ವಿಭೂತಿ ಹಚ್ಚಿದ್ದಾನೆ ಕಣೇ ಅಂಗಡಿಯವನು. ಸಾಬರ ಹುಡುಗ ಆದ್ರೂ ನನ್ನ ಮನೆಗೆ ಅಂತ ನೆನಪಿಟ್ಟು ಹಚ್ಚಿದ್ದಾನೆ. ಒಣಗಿಹೋಗಿತ್ತು, ಒರೆಸಿ ಹೊಸದು ಹಚ್ಚಿದೆ."

ದೇವರ ಮನೆಯ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಲ್ಲಿ ಅಡ್ಡಡ್ಡ ಎಳೆದು, ಫ್ಯಾನನ್ನು ಮತ್ತೆ ಮೇಲೆ ಒತ್ತಿ ಕೂರಿಸಿದ್ದರು. ನಾನು ನಗುತ್ತಿದ್ದೆ. ನಗುತ್ತಲೇ, "ಅತ್ತೆ, ಅದು ವಿಭೂತಿ ಅಲ್ಲ," ಎನ್ನುತ್ತಿದ್ದೆ. ಅವರು ಎಡಗೈಯಲ್ಲಿ ಸ್ವಿಚ್ಚು ಹಾಕಿ, ಒದ್ದೆ ಬಲಗೈಯನ್ನು ಡಬ್ಬದ ಒಳಗಂಚಿಗೆ ಇಟ್ಟರು.

ಮಾತು ನಿಂತಿತು. ಅತ್ತೆಯ ಮಾತು ಹಾಗೆ ನಡುವೆ ನಿಲ್ಲುವುದಿಲ್ಲ. ನಾನು ಅವರ ಮುಖ ನೋಡಿದೆ. ತುಟಿ ಬಿರಿದಿತ್ತು, ಹಲ್ಲು ಕಚ್ಚಿಕೊಂಡಿತ್ತು, ಭುಜ ಅದುರುತ್ತಿತ್ತು. ಕೈ ಡಬ್ಬಕ್ಕೆ ಅಂಟಿಕೊಂಡಿತ್ತು. ಆ ಹಳೆಯ ಮನೆಯ ಪ್ಲಗ್ಗಿಗೆ ಎರಡೇ ತೂತು. ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಮೂರನೆಯ ತಂತಿ ಎಲ್ಲಿಗೂ ಸೇರಿರಲಿಲ್ಲ. ಅವರ ಬರಿಗಾಲು ಒದ್ದೆ ಸಿಮೆಂಟಿನ ಮೇಲಿತ್ತು.

ನನ್ನ ಎರಡೂ ಕೈ ಅವರನ್ನು ಹಿಡಿಯಲು ಮುಂದೆ ಹೋದವು. ಮುಟ್ಟಬಾರದು ಎಂದು ಹೇಗೋ ನೆನಪಾಗಿ ಅವು ಗಾಳಿಯಲ್ಲೇ ನಿಂತವು. ಇದೇ ನನಗೆ ದಿನವೂ ಮರಳಿ ಬರುವುದು. ಅನ್ನ ಬಸಿಯುವಾಗ, ತರಗತಿಯಲ್ಲಿ ಬೋರ್ಡಿಗೆ ತಿರುಗಿದಾಗ, ನನ್ನ ಕೈ ಅವರಿಂದ ಒಂದು ಗೇಣು ದೂರದಲ್ಲಿ ನಿಂತಿರುತ್ತದೆ. ಆಮೇಲೆ ಮೇಜಿನ ಹಿಂದಿನ ವೈರು ಕಂಡಿತು. ಎಳೆದೆ. ಫ್ಯಾನು ಗುಂಯ್ ಎನ್ನುತ್ತಾ ಇಳಿಯಿತು. ಅತ್ತೆ ಕುಸಿದರು.

ಮಡಿಕೇರಿಯ ಆಸ್ಪತ್ರೆಯಲ್ಲಿ ಎರಡನೆಯ ದಿನ ಎದ್ದು ಕೂತು ಕಾಫಿ ಸಪ್ಪೆ ಎಂದು ನರ್ಸಿಗೆ ಬೈದರು. ಹೃದಯಕ್ಕೆ ಏನೂ ಆಗಿಲ್ಲ ಎಂದರು ಡಾಕ್ಟರು. ಆಮೇಲೆ ಅತ್ತೆಯ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೆರಳು ಮಡಿಸಿ ಬಿಚ್ಚಲು ಹೇಳಿದರು. "ಈ ನಡುಕ, ಈ ಬಿಗಿತ ಶಾಕ್‌ನಿಂದ ಬಂದದ್ದಲ್ಲಮ್ಮ. ಇದು ಹಳೇದು. ಯಾವಾಗಿಂದ ಹೀಗೆ?"

"ಕಂಪ್ಯೂಟರ್ ತಗೊಂಡಾಗಿನಿಂದ," ಎಂದರು ಅತ್ತೆ.

ಡಾಕ್ಟರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಔಷಧಿ ಇದೆ, ಹೆಚ್ಚಾಗದಂತೆ ತಡೆಯಬಹುದು, ಹಿಂದಿನಂತೆ ಆಗುವುದು ಕಷ್ಟ ಎಂದು ಹೇಳಿ ಹೋದರು.

ಆ ಮಧ್ಯಾಹ್ನವೇ ಅಂಗಡಿಯವನ ಫೋನು ಬಂತು. ಮನೆಗೆ ಹೋಗಿ ಕಂಪ್ಯೂಟರು ಒಯ್ದು ಎಲ್ಲ ಸರಿಮಾಡಿದ್ದ. ಧೂಳು ತೆಗೆದು, ಲೇಪ ಬದಲಿಸಿ, ಕರೆಂಟು ಸೋರುತ್ತಿದ್ದ ಭಾಗವನ್ನು ಎಸೆದು ಹೊಸದು ಹಾಕಿದ್ದ. ಮನೆಗೂ ಮೂರು ತೂತಿನ ಪ್ಲಗ್ಗು ಹಾಕಿಸಿದ್ದ.

"ಏನಂತೆ?" ಎಂದರು ಅತ್ತೆ.

"ಸರಿಹೋಯ್ತಂತೆ."

"ಪೂರ್ತಿ ಸ್ಪೀಡಾ?"

ಇಲ್ಲ, ಇನ್ನೂ ನಿಧಾನವೇ ಅಂತೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. "ಪೂರ್ತಿ, ಅತ್ತೆ."

"ಹ್ಞೂಂ," ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಿದ್ದೆ ಹೋದರೇನೋ ಎಂದು ಮಂಚದ ಅಂಚಿಗೆ ಕೂತು ಅವರ ಎಡಗೈಯನ್ನು ನನ್ನ ಕೈಮೇಲೆ ಇಟ್ಟುಕೊಂಡೆ. ಮುಟ್ಟಿದರೆ ಬೆಚ್ಚಗಿತ್ತು. ಅಷ್ಟೇ ಸಾಕು ಅನಿಸಿತು.

ಆಗ ನನ್ನ ತೋಳಿನ ಮೇಲೆ ಅವರ ಕಿರುಬೆರಳು ಮೆಲ್ಲಗೆ ಒತ್ತಿತು. ಎ. ಬಹಳ ಹೊತ್ತಿನ ಮೇಲೆ ಉಂಗುರದ ಬೆರಳು. ಎಸ್. ಟೈಪಿಂಗ್ ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನ ಹಾಕುವ ಪಾಠ ಅದು: ಎ, ಎಸ್, ಡಿ, ಎಫ್. ಎಡಗೈಯ ಬೆರಳಿಗೊಂದು ಅಕ್ಷರ, ಬೇರೇನೂ ಇಲ್ಲ, ಅದನ್ನೇ ಹೊಡೆಯುತ್ತಾ ಇರಬೇಕು. ಅತ್ತೆ ಗೋಡೆಯ ಕಡೆಗೇ ಮುಖ ಮಾಡಿ ಮೊದಲಿನಿಂದ ಶುರು ಮಾಡಿದ್ದರು.

ಮೂರನೆಯ ಬೆರಳು ಮೇಲೆದ್ದಿತು, ನಡುಗಿತು, ಇಳಿಯಲು ಜಾಗ ಹುಡುಕಿತು. ನಾನು ಕೈ ಅಲ್ಲಾಡಿಸದೆ ಡಿ ಬರಲೆಂದು ಕಾದೆ.