ನಲವತ್ತು ನಿಮಿಷದ ದಾರಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಚಾಚಿದ ಕೈಯ ಬೆರಳುಗಳೇ ಪರರ ಬೆರಳಿನಂತೆ ಕಾಣುತ್ತಿದ್ದವು. ಗಡಿಯಾರ ರಿಪೇರಿಯವ ಮಾತ್ರ ಆಕಾಶ ನೋಡುವುದು ಬಿಟ್ಟು ತನ್ನ ಕೈಗಡಿಯಾರವನ್ನೇ ನೋಡುತ್ತ ನಿಂತಿದ್ದ. ಉತ್ತರದ ಆ ತುತ್ತತುದಿಯಲ್ಲಿ ಅವನ ಊರಿಗೂ ಅಕ್ಕನ ಊರಿಗೂ ವಿಮಾನದಲ್ಲಿ ಇನ್ನೂರು ಕಿಲೋಮೀಟರು, ನಲವತ್ತು ನಿಮಿಷ. ಬೆಟ್ಟ ಸುತ್ತಿ ಹೋದರೆ ಎರಡು ದಿನ. ಹಿಮ ಬಿದ್ದರೆ ಆ ದಾರಿಯೂ ಇಲ್ಲ. ಇವತ್ತಿನದು ಚಳಿಗಾಲಕ್ಕೆ ಮುಂಚಿನ ಕೊನೆಯ ವಿಮಾನ.

ಏಳು ವರ್ಷದ ಹಿಂದೆ ನಾಲ್ಕು ಜನರೆದುರು ಅಕ್ಕನಿಗೆ ಆಡಬಾರದ ಮಾತು ಆಡಿದ್ದ. ಫೋನಿನಲ್ಲಿ ಕ್ಷಮೆ ಕೇಳಹೋದರೆ ಆಕೆ, "ಹಿಂಗಲ್ಲ, ಮುಖ ನೋಡಿ ಹೇಳು. ನಿಲ್ದಾಣದಲ್ಲೇ ನಿಂತಿರ್ತೀನಿ," ಎಂದಿದ್ದಳು.

ಸುದ್ದಿ ಬೀದಿಗೆ ತಿಳಿಯಿತು. ಆ ಊರಿಗೆ ಒಯ್ಯಲೆಂದು ಮೇಷ್ಟ್ರು ಪುಸ್ತಕದ ಕಟ್ಟು ತಂದರು, ಬಡಗಿ ಅಲ್ಲಿರುವ ಮಗಳಿಗೆಂದು ಮಣೆ ತಂದ.

"ನಲವತ್ತು ನಿಮಿಷ ತಾನೇ ಮಾರಾಯ, ತೊಡೆ ಮೇಲೆ ಇಟ್ಕೊಂಡ್ರಾಯ್ತು," ಎಂದ ಬಡಗಿ.

ನಿಲ್ದಾಣದಲ್ಲಿ ಮೂಟೆ ತೂಗುವ ತಕ್ಕಡಿಯ ಮೇಲೆ ಅವನನ್ನೂ ಹತ್ತಿಸಿದರು. ಗುಮಾಸ್ತ ಮುಳ್ಳು ನೋಡಿ ನಿಟ್ಟುಸಿರಿಟ್ಟ. "ನೀವು ಹೋಗ್ತೀರೋ, ನಿಮ್ಮ ಸಂಸಾರ ಹೋಗುತ್ತೋ?"

ಗಂಟುಗಳು ಇಳಿದವು, ಆಮೇಲೆ ಕೋಟು, ಕೊನೆಗೆ ಬೂಟು. ಸುಲಿದ ಈರುಳ್ಳಿಯಂತೆ ನಡುಗುತ್ತ ಅವನು ವಿಮಾನ ಹತ್ತಿದ. ಇಂಜಿನ್ನಿನ ಅಬ್ಬರಕ್ಕೆ ಕಿವಿಗೆ ಹತ್ತಿ ತುರುಕಿ, ಕಣ್ಣು ಮುಚ್ಚಿ, ಅಕ್ಕನಿಗೆ ಹೇಳಬೇಕಾದ ಮಾತನ್ನು ಜಪದಂತೆ ಒಳಗೇ ಹೇಳಿಕೊಳ್ಳತೊಡಗಿದ. ನಡುವೆ ಪೈಲಟ್ ತಿರುಗಿ ಏನೋ ಕೂಗಿದ್ದು ಅವನ ಹತ್ತಿಗಷ್ಟೇ ಕೇಳಿಸಿತು.

ಚಕ್ರ ನೆಲಕ್ಕೆ ತಾಗಿದಾಗ ಗಡಿಯಾರ ನೋಡಿದ. ಸರಿಯಾಗಿ ನಲವತ್ತು ನಿಮಿಷ. ಮನುಷ್ಯರು ಮಾತಿಗೆ ತಪ್ಪಬಹುದು, ಮುಳ್ಳು ತಪ್ಪದು ಎಂದು ಹಿಗ್ಗಿ, ಹತ್ತಿ ಕಿತ್ತು ಇಳಿದ. ಇಲ್ಲಿಯೂ ಮಂಜು. ಬೇಲಿಯ ಬಳಿ ತಲೆತುಂಬ ಶಾಲು ಹೊದ್ದ ಹೆಂಗಸೊಬ್ಬಳು ಕಾಯುತ್ತಿದ್ದಳು. ಅಕ್ಕನೇ ಸರಿ ಎಂದುಕೊಂಡು ಅವನು ಬರಿಗಾಲಲ್ಲೇ ಓಡಿ ಅವಳ ಕಾಲ ಬಳಿ ಕುಸಿದ.

"ಅಕ್ಕಾ, ಅಷ್ಟು ಜನರ ಎದುರು ನಿನ್ನ ಮಾನ ಕಳೆದೆ. ತಪ್ಪೆಲ್ಲ ನಂದೇ. ನೀನು ಬೈದ್ರೂ ಸರಿ, ಮಾತು ಮಾತ್ರ ಬಿಡಬೇಡ."

ಶಾಲು ಸರಿಯಿತು. ಅವನ ಎದುರುಮನೆಯ ದರ್ಜಿ ಹೆಂಗಸು! ನಡುಬೀದಿಯಲ್ಲಿ ಜಗಳವಾಡಿ, ಮೂರು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

"ನೀವು... ಈ ಊರಿಗೆ ಯಾವಾಗ ಬಂದ್ರಿ?"

"ನಾನೆಲ್ಲಿಗೆ ಬಂದೆ? ವಾಪಸ್ ಬಂದಿದ್ದು ನೀವು. ವಿಮಾನ ತಿರುಗಿಸಿದ್ರು ಅಂದ್ರು, ಅದರಲ್ಲೇ ಹೋಗಿದ್ದ ನಮ್ಮಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ."

ಪೈಲಟ್ ಕೈಗವಸು ಬಿಚ್ಚುತ್ತ ಬಂದ. "ಆ ಕಡೆ ಇಳಿಯೋಕೇ ಜಾಗ ಕಾಣಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರು ಸ್ವಾಮಿ. ಇಪ್ಪತ್ತು ನಿಮಿಷ ಹೋದ್ವಿ, ಇಪ್ಪತ್ತು ನಿಮಿಷ ಬಂದ್ವಿ. ಇನ್ನು ಹಿಮ ಕರಗಿದ ಮೇಲೇ."

ಇನ್ನೂರು ಕಿಲೋಮೀಟರಿನಾಚೆ ಅಕ್ಕ ಇಂಥದೇ ಮಂಜಿನಲ್ಲಿ ನಿಂತಿರಬೇಕು. ಏಳು ವರ್ಷ ಕೂಡಿಟ್ಟ ಮಾತು ಇಲ್ಲಿ ಖರ್ಚಾಗಿಹೋಗಿತ್ತು. ಅದು ನಿಮಗಲ್ಲ ಎನ್ನಲು ಬಾಯಿ ತೆರೆದ. ಆದರೆ ಈಕೆಗೆ ಅಂದಿದ್ದ ಮಾತೂ ಅದಕ್ಕಿಂತ ಕೂದಲೆಳೆಯಷ್ಟೂ ಹಗುರವಾಗಿರಲಿಲ್ಲ. ನಾವು ವಿಳಾಸ ತಪ್ಪಿದರೂ ಭಗವಂತ ತಪ್ಪುವುದಿಲ್ಲವೇನೋ. ಅವನು ಬಾಯಿ ಮುಚ್ಚಿಕೊಂಡ.

ಅವಳು ತಾಯಿಯ ತೋಳು ಹಿಡಿದು ನಾಲ್ಕು ಹೆಜ್ಜೆ ಹೋದಳು. ಮತ್ತೆ ನಿಂತು, ತಿರುಗಿ ಬಂದು, ತಾಯಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

"ಅವತ್ತು ಮೊದಲು ಬಾಯಿ ಬಿಟ್ಟಿದ್ದು ನಾನೇ. ನಂದೂ ತಪ್ಪಾಯ್ತು."