ಹಿಮದಲ್ಲಿ ಹವಾ ಬಿಟ್ಟದ್ದು

ದೋಹಾದಲ್ಲಿ ಫೋರ್ ವೀಲ್ ಡ್ರೈವ್ ಇಟ್ಟುಕೊಂಡವನ ಎದುರು ಅದನ್ನು ಕಾರು ಎಂದು ಕರೆಯಬಾರದು. ನನ್ನ ಹೆಂಡತಿ ಶಶಿಕಲಾ ಎಂಟು ವರ್ಷದಿಂದ ಕರೆಯುತ್ತಿದ್ದಾಳೆ. "ಕಾರಲ್ಲೇ ಕೊತ್ತಂಬರಿ ಸೊಪ್ಪು ಬಿಟ್ಟು ಬಂದ್ರಾ?" ಎಂದು ಅವಳು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಂತೆ ಕಾರು! ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಹತ್ತಲು ಮೆಟ್ಟಿಲು ಬೇಕಾಗುವ, ಮದೀನತ್ ಖಲೀಫಾದ ನಮ್ಮ ವಿಲ್ಲಾದೆದುರು ನಿಲ್ಲಿಸಿದರೆ ಪಕ್ಕದ ಮನೆಯ ಮಲಯಾಳಿಯ ಗಾಡಿ ಕಾಣದೇ ಹೋಗುವ ವಾಹನ ಅದು. ಅದರಲ್ಲಿ ನಾನು ದಿನವೂ ಮಾಡುವ ಸಾಹಸವೆಂದರೆ ರಾಸ್ ಲಫಾನಿನ ಆಫೀಸಿಗೆ ನೇರ ರಸ್ತೆಯಲ್ಲಿ ಹೋಗಿ, ಅದೇ ನೇರ ರಸ್ತೆಯಲ್ಲಿ ಬರುವುದು ಎಂಬುದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ. ಅಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ಡ್ರಾಯಿಂಗುಗಳಿಗೆ ನಂಬರು ಹಾಕಿ ಕಾಯುವ ಕೆಲಸ. ವಾರವಿಡೀ ಕಾಗದ ಕಾಯುವವನಿಗೆ ಶುಕ್ರವಾರ ಶನಿವಾರದ ರಜೆಯಲ್ಲಾದರೂ ಮೀಸೆ ತಿರುವಲು ಏನಾದರೊಂದು ಬೇಡವೇ?

ಶಶಿಕಲಾಳ ಹತ್ತಿರವೂ ಕತಾರಿನ ಲೈಸೆನ್ಸ್ ಇದೆ. ನಾಲ್ಕನೆಯ ಟೆಸ್ಟಿನಲ್ಲಿ ಪಾಸಾದಳು. ನಾನು ಪಾಸಾದದ್ದು ಏಳನೆಯದರಲ್ಲಿ, ಆದರೆ ಅದು ಇಲ್ಲಿ ಅಪ್ರಸ್ತುತ. ಲೈಸೆನ್ಸ್ ಸಿಕ್ಕಿ ಒಂದು ವರ್ಷವಾಯಿತು, ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಜಗಳ: ಕೀ. ಅವಳು ಕೇಳುವುದು, ನಾನು ಕೊಡದಿರುವುದು. "ನೀನು ಓಡಿಸಿದ್ರೆ ನಂಗೆ ಹೆದರಿಕೆ ಆಗ್ತದೆ ಮಾರಾಯ್ತಿ, ಬಿಪಿ ಏರ್ತದೆ" ಎನ್ನುತ್ತೇನೆ. ಈ ಉತ್ತರದಲ್ಲಿ ಒಂದು ಸೌಕರ್ಯವಿದೆ. ಅವಳಿಗೆ ಓಡಿಸಲು ಬರುವುದಿಲ್ಲ ಎಂದು ನಾನೇನೂ ಹೇಳಿದಂತಾಗುವುದಿಲ್ಲ, ತಪ್ಪೆಲ್ಲ ನನ್ನ ಬಿಪಿಯದು. ಅವಳು ಮಗಳನ್ನು ಟ್ಯೂಷನ್ನಿಗೆ ಬಿಡಲು ಪಕ್ಕದ ಮನೆಯ ಮಲಯಾಳಿಯ ಹೆಂಡತಿಯ ಹತ್ತಿರ ಲಿಫ್ಟ್ ಕೇಳುತ್ತಾಳೆ.

ನನಗೆ ಫೋರ್ ವೀಲಿನ ವಿದ್ಯೆ ಕಲಿಸಿದ ಗುರು ಹಮೀದಾಕ. ಉಳ್ಳಾಲದವರು, ಅಲ್ ಮುಂತಜಾದಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ. ಮೂರು ಸಲ ನನ್ನನ್ನು ಸೀಲೈನಿನ ಮರಳುಗುಡ್ಡಕ್ಕೆ ಕರೆದುಕೊಂಡು ಹೋಗಿದ್ದಾರೆ. "ನೋಡು ಮಾರಾಯ, ಡಾಂಬರು ಮುಗ್ದಲ್ಲಿ ಗಾಳಿ ಬಿಡ್ಬೇಕು, ಡಾಂಬರು ಸಿಕ್ಕಿದಲ್ಲಿ ತುಂಬಿಸ್ಬೇಕು. ಇಷ್ಟೇ. ಬಾಕಿದ್ದೆಲ್ಲ ಅಲ್ಲಾಹು ನೋಡಿಕೊಳ್ತಾನೆ" ಎಂಬುದು ಅವರ ಉಪದೇಶ. ಟಯರಿನ ಗಾಳಿ ಅರ್ಧಕ್ಕರ್ಧ ಇಳಿಸಿದರೆ ಅದು ಅಗಲವಾಗಿ ಕುಳಿತುಕೊಳ್ಳುತ್ತದೆ, ಮರಳಿನಲ್ಲಿ ಹೂತುಹೋಗುವುದಿಲ್ಲ. ವಾಪಸು ಬರುವಾಗ ಡಾಂಬರಿನ ಅಂಚಿನಲ್ಲಿ ಕಂಪ್ರೆಸರ್ ಇಟ್ಟುಕೊಂಡವರು ಕಾದಿರುತ್ತಾರೆ. ಕಿಟಕಿ ಇಳಿಸಿ "ಹವಾ" ಎಂದರೆ ಸಾಕು, ಓಡಿ ಬರುತ್ತಾರೆ. ಅರಬನಿಗೂ ಹವಾ, ಪಠಾಣನಿಗೂ ಹವಾ, ಬಂಗಾಳಿಗೂ ಹವಾ, ನಮಗಂತೂ ಹುಟ್ಟಿದಾಗಿನಿಂದ ಹವಾ. ಹೀಗಾಗಿ ಹವಾ ಎಂಬುದು ಮನುಷ್ಯರಿಗೆಲ್ಲ ಅರ್ಥವಾಗುವ ಶಬ್ದ ಎಂದು ನಾನು ನಂಬಿಬಿಟ್ಟಿದ್ದೆ.

ಹೋದ ಚಳಿಗಾಲದಲ್ಲಿ ಮಗಳು ಅನ್ವಿತಾ ಹಟ ಹಿಡಿದಳು. "ಪಪ್ಪಾ, ಮೈ ಹೋಲ್ ಕ್ಲಾಸ್ ಸ್ನೋ ನೋಡಿ ಆಯ್ತು. ನಾನು ಮಾತ್ರ ನೋಡ್ಲಿಲ್ಲ." ದೋಹಾದ ನಮ್ಮವರಿಗೆ ಈಗ ಹಿಮವೆಂದರೆ ಟರ್ಕಿಯ ಪಕ್ಕದ ಜಾರ್ಜಿಯಾ ದೇಶ. ಗುರುವಾರ ವಿಮಾನ ಹತ್ತುತ್ತಾರೆ, ಶನಿವಾರ ಇಳಿಯುತ್ತಾರೆ, ಭಾನುವಾರ ಆಫೀಸಿನಲ್ಲಿ ಸೀನುತ್ತ ಫೋಟೋ ತೋರಿಸುತ್ತಾರೆ. ನಾವೂ ಹೊರಟೆವು. ಅಲ್ಲಿಯ ಬಾಡಿಗೆ ಗಾಡಿಯ ಕೌಂಟರಿನಲ್ಲಿ ನಾನು ಎದೆಯುಬ್ಬಿಸಿ "ಫೋರ್ ವೀಲ್ ಓನ್ಲಿ" ಎಂದೆ. ಕೌಂಟರಿನ ಹುಡುಗಿ ಹಿಮದ ಟಯರಿನ ಬಗ್ಗೆ ಏನೋ ವಿವರಿಸತೊಡಗಿದಳು. ಮರುಭೂಮಿಯಲ್ಲಿ ಪಳಗಿದವನಿಗೆ ಇವಳೇನು ಹೇಳುವುದು ಎಂದು ಕಾಗದಪತ್ರವನ್ನೆಲ್ಲ ಶಶಿಕಲಾಳಿಗೆ ಒಪ್ಪಿಸಿ, ನಾನು ಹೊರಗೆ ಹೋಗಿ ಟಯರುಗಳನ್ನು ಒಂದೊಂದಾಗಿ ಒದ್ದು ನೋಡಿದೆ.

ಶುಕ್ರವಾರದ ದಾರಿ ನನಗೆ ಅವಮಾನವನ್ನೇ ಮಾಡಿತು. ಎರಡೂ ಬದಿಗೆ ಆಳೆತ್ತರ ಹಿಮ, ನಡುವೆ ಕರ್ರಗೆ ಒಣಗಿದ ಡಾಂಬರು! ಮೂರು ಗಂಟೆ ಬೆಟ್ಟ ಹತ್ತಿದರೂ ಒಂದು ಜಾರು ಇಲ್ಲ, ಒಂದು ಸಿಕ್ಕಿಬೀಳುವುದು ಇಲ್ಲ. ಅದೇ ದಾರಿಯಲ್ಲಿ ಮುದುಕನೊಬ್ಬ ಹಳೇ ಡಬ್ಬಾ ಕಾರಿನಲ್ಲಿ, ಮೇಲೆ ಮಂಚ ಕಟ್ಟಿಕೊಂಡು, ನನ್ನನ್ನು ಓವರ್‌ಟೇಕ್ ಮಾಡಿ ಹೋದ. "ಇದಕ್ಕೆ ಫೋರ್ ವೀಲ್ ಬೇಕಿತ್ತಾ ಮಾರಾಯ್ರೆ?" ಎಂದಳು ಶಶಿಕಲಾ. ನಾನು ಮುಂದೆ ಹೋಗುತ್ತಿದ್ದ ಆ ಮಂಚವನ್ನೇ ನೋಡುತ್ತ ಗಾಡಿ ಓಡಿಸಿದೆ.

ನಾವು ಇಳಿದುಕೊಂಡದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಎಪ್ಪತ್ತು ದಾಟಿರಬೇಕು, ಕೆಂಪು ಕೆನ್ನೆ, ಮಂಡಿಯವರೆಗೆ ರಬ್ಬರ್ ಬೂಟು. ಎದೆ ಮುಟ್ಟಿಕೊಂಡು ತಮ್ಮ ಹೆಸರು "ನೀನೋ" ಎಂದರು. ಆ ದೇಶದಲ್ಲಿ ಮನೆಗೊಬ್ಬಳು ನೀನೋ ಇರುತ್ತಾಳಂತೆ. ಆದರೆ ತಾಯಿಯ ವಯಸ್ಸಿನವರನ್ನು "ನೀನೋ" ಎಂದು ಕರೆಯಲು ನನ್ನ ನಾಲಗೆ ಹೇಗೆ ಏಳಬೇಕು? ಮರ್ಯಾದೆಗೆ ನಾನು "ನೀವೋ ಆಂಟಿ" ಎಂದೆ. ಅವರು ತಲೆಯಲ್ಲಾಡಿಸಿ "ನೀನೋ, ನೀನೋ" ಎಂದು ತಿದ್ದಿದರು. ಅನ್ವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ನನ್ನ ದೇವರು ಕಣ್ಣು ಬಿಟ್ಟಿದ್ದ. ಹೊಸ ಹಿಮ ಸುರಿದು ಅಂಗಳ, ಬೇಲಿ, ಮನೆಯ ಮುಂದಿನ ಓಣಿ ಎಲ್ಲ ಒಂದೇ ಬಿಳಿ. ಡಾಂಬರಿನ ಸುಳಿವೇ ಇಲ್ಲ. ಸಂಜೆ ಐದಕ್ಕೆ ವಿಮಾನ, ಮರುದಿನ ಬೆಳಿಗ್ಗೆ ನನಗೆ ಡ್ಯೂಟಿ, ಸೋಮವಾರ ಆಫೀಸಿನಲ್ಲಿ ಆಡಿಟ್. ತಪ್ಪಿಸುವ ಹಾಗೇ ಇಲ್ಲ. "ಹೆದರಬೇಡಿ, ನಾನಿದ್ದೇನೆ" ಎಂದು ಹೆಂಡತಿ ಮಗಳಿಗೆ ಧೈರ್ಯ ಹೇಳಿ, ದೋಹಾದಿಂದಲೇ ಚೀಲದಲ್ಲಿ ಹಾಕಿ ತಂದಿದ್ದ ಗಾಳಿ ಅಳೆಯುವ ಮೀಟರನ್ನು ಹೊರತೆಗೆದೆ. ಡಾಂಬರು ಮುಗ್ದಲ್ಲಿ ಗಾಳಿ ಬಿಡ್ಬೇಕು. ಮೊದಲನೆಯ ಟಯರಿನ ಮುಚ್ಚಳ ಬಿಚ್ಚಿ ಒತ್ತಿದೆ. ಬುಸ್ ಎಂದಿತು. ನೀನೋ ಆಂಟಿ ಬಾಗಿಲಿನಿಂದ ಓಡೋಡಿ ಬಂದು ಎರಡೂ ಕೈ ಬೀಸುತ್ತ "ಆರಾ! ಆರಾ!" ಎಂದರು.

"ಎಂತ ಹೇಳ್ತಿದ್ದಾರೆ ಇವರು?" ಶಶಿಕಲಾ ಕೇಳಿದಳು.

"ಆರಾಮ್ ಅಂತಿದ್ದಾರೆ. ಅರ್ಜೆಂಟ್ ಮಾಡ್ಬೇಡ, ಆರಾಮ್‌ಸೇ ಮಾಡು ಅಂತ. ಒಳ್ಳೆ ಹೆಂಗಸು ಮಾರಾಯ್ತಿ" ಎಂದೆ.

ಆಂಟಿಯ ಮಾತಿಗೆ ಗೌರವ ಕೊಟ್ಟು ಆರಾಮವಾಗಿ, ಒಂದೊಂದೇ ಟಯರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನಾಲ್ಕನ್ನೂ ಮೂವತ್ತೈದರಿಂದ ಹದಿನೈದಕ್ಕೆ ಇಳಿಸಿದೆ. ಅವರು ನಾಲ್ಕನೆಯ ಟಯರಿನವರೆಗೂ "ಆರಾ, ಆರಾ" ಎನ್ನುತ್ತಲೇ ಇದ್ದರು, ಕೊನೆಗೆ ಹಣೆ ಹಣೆ ಬಡಿದುಕೊಂಡು ಒಳಗೆ ಹೋದರು. ನಾನು ಅರಬರ ಹಾಗೆ "ಯಲ್ಲಾ, ಹೊರಡುವ" ಎಂದು ಗಾಡಿ ಬಿಟ್ಟೆ. ಏನು ಹೇಳಲಿ, ಹಂಸದ ಹಾಗೆ ತೇಲಿತು! ಇನ್ನೂರು ಮೀಟರ್ ತೇಲಿತು. ಓಣಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಎದುರಿಗೇ ದೊಡ್ಡ ರಸ್ತೆ, ಬೆಳಗಾಗುವ ಮೊದಲೇ ಯಂತ್ರ ಬಂದು ಹಿಮ ಬಳಿದುಹಾಕಿದ್ದ, ಕರ್ರಗಿನ, ಒಣ ಡಾಂಬರು. ಅದು ಅಲ್ಲಿಂದ ಪೇಟೆಯ ವಿಮಾನ ನಿಲ್ದಾಣದವರೆಗೆ ಮೂರು ಗಂಟೆಯ ದಾರಿಯುದ್ದಕ್ಕೂ ಹಾಗೇ ಇತ್ತು.

ಅರ್ಧ ಗಾಳಿಯ ಟಯರಿನಲ್ಲಿ ಬೆಟ್ಟದ ತಿರುವು ಇಳಿಯುವುದು ಆಗದ ಮಾತು. ಟಯರ್ ರಿಮ್ಮು ಬಿಟ್ಟು ಕಳಚಿಕೊಂಡರೆ ನಾವು ಸೀದಾ ಕಣಿವೆಗೆ. ನಾನು ಅತ್ತ ಇತ್ತ ನೋಡಿದೆ. ಕಂಪ್ರೆಸರಿನವನು ಎಲ್ಲಿ? ಡಾಂಬರಿನ ಅಂಚಿನಲ್ಲಿ ಇರಬೇಕಿತ್ತಲ್ಲ? ನಿಜವಾಗಿಯೂ ಹುಡುಕಿದೆ, ನಗಬೇಡಿ. ಹಮೀದಾಕನಿಗೆ ಫೋನು ಹಚ್ಚಿದೆ. "ಕೆಳಗೆ ಎಂತ ಉಂಟು, ಡಾಂಬರಾ? ಡಾಂಬರಲ್ಲಿ ಗಾಳಿ ತುಂಬಿಸ್ಬೇಕು ಅಂತ ಹೇಳಿದ್ದೇನಲ್ಲ ಮಾರಾಯ" ಎಂದರು ಗುರುಗಳು. ಅಷ್ಟರಲ್ಲಿ ಟರ್ಕಿಯ ಲಾರಿಯೊಂದು ಬಂತು. ಅಡ್ಡ ನಿಂತು ಕೈ ತೋರಿಸಿ, ದೋಹಾದಲ್ಲಿ ಗೆಳೆಯಾ ಎಂದು ಕರೆಯುವ ಹಾಗೆ "ಸದೀಕ್, ಹವಾ! ಹವಾ!" ಎಂದು ಕೂಗಿದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ಆಕಾಶವನ್ನು ನಾಲ್ಕೂ ಕಡೆ ನೋಡಿ, ಸಂತೋಷದಿಂದ ಹೆಬ್ಬೆರಳು ಎತ್ತಿ, ಹೊರಟೇಹೋದ. ಅನ್ವಿತಾ ಮೊಬೈಲಿನಲ್ಲಿ ಹುಡುಕಿ, "ಪಪ್ಪಾ, ಟರ್ಕಿಷ್ ಲ್ಯಾಂಗ್ವೇಜಲ್ಲಿ ಹವಾ ಮೀನ್ಸ್ ವೆದರ್ ಆಲ್ಸೋ. ವೆದರ್ ಚೆನ್ನಾಗಿದೆ ಅಂತ ಹೇಳಿ ಹೋದ" ಎಂದಳು. ಸ್ವಲ್ಪ ತಡೆದು, "ಮತ್ತೆ ಆಂಟಿಯ ಲ್ಯಾಂಗ್ವೇಜಲ್ಲಿ ಆರಾ ಮೀನ್ಸ್ ನೋ. ಆಂಟಿ ಬೇಡ ಬೇಡ ಅಂತ ಹೇಳಿದ್ದು" ಎಂದು ಸೇರಿಸಿದಳು. ಈ ಕೆಲಸವನ್ನು ಅವಳು ಅರ್ಧ ಗಂಟೆ ಮೊದಲೇ ಮಾಡಬಹುದಿತ್ತು.

ನಮ್ಮನ್ನು ಕಾಪಾಡಿದ್ದು ಆ ಬೇಡ ಎಂದವರೇ. ಶಶಿಕಲಾ ಓಣಿಯಲ್ಲಿ ವಾಪಸು ನಡೆಯಲು ಹೊರಟರೆ ನೀನೋ ಆಂಟಿ ಎದುರಿಗೇ ಬರುತ್ತಿದ್ದರು, ಬಗಲಲ್ಲಿ ಟ್ರ್ಯಾಕ್ಟರಿನ ಟಯರಿಗೆ ಗಾಳಿ ಹೊಡೆಯುವ ಕೈಪಂಪು. ಹೀಗಾಗುತ್ತದೆಂದು ಅವರಿಗೆ ಗೊತ್ತಿತ್ತು. ಪಂಪನ್ನು ನನ್ನ ಕೈಗೆ ಕೊಟ್ಟು ಕೈಕಟ್ಟಿ ನಿಂತರು. ಆಮೇಲಿನದ್ದು ವರ್ಣಿಸಲಾರೆ. ಇಪ್ಪತ್ತು ವರ್ಷದಿಂದ ಫೈಲಿಗಿಂತ ಭಾರದ್ದನ್ನು ಎತ್ತದ ತೋಳುಗಳು ಇವು. ಅನ್ವಿತಾ ಗಟ್ಟಿಯಾಗಿ ಎಣಿಸುತ್ತಿದ್ದಳು. ಮುನ್ನೂರು ದಾಟಿದ ಮೇಲೆ ಎಣಿಸಬೇಡ ಎಂದು ಗದರಿದೆ. ಮೊದಲ ಟಯರಿಗೆ ಕೋಟು ಬಿಚ್ಚಿದೆ, ಎರಡನೆಯದಕ್ಕೆ ಸ್ವೆಟರ್ ಬಿಚ್ಚಿದೆ, ಮೂರನೆಯದಕ್ಕೆ ಮಾನ ಬಿಟ್ಟು ನೆಲಕ್ಕೆ ಕುಳಿತೆ. ನಾಲ್ಕನೆಯದನ್ನು ಆಂಟಿಯೇ ತುಂಬಿಸಿದರು, ನನಗಿಂತ ಬೇಗ. ಗಂಟೆ ಹನ್ನೊಂದೂವರೆ ಆಗಿತ್ತು.

ಎದ್ದು ಸ್ಟೇರಿಂಗ್ ಹಿಡಿದರೆ ಬೆರಳುಗಳು ಮಡಚುವುದೇ ಇಲ್ಲ. ಶಶಿಕಲಾ ನನ್ನ ಬದಿಯ ಬಾಗಿಲು ತೆರೆದು ಕೈ ಚಾಚಿದಳು. "ಕೀ ಕೊಡಿ."

"ನಿನ್ನ ಹೆಸರಿಲ್ಲ ಇದರಲ್ಲಿ. ಇನ್ಶೂರೆನ್ಸ್..."

"ಉಂಟು. ನೀವು ಹೊರಗೆ ಟಯರಿಗೆ ಒದೀತಾ ಇದ್ರಲ್ಲ, ಆಗ ಕೌಂಟರಿನಲ್ಲಿ ಬರೆಸಿದ್ದೇನೆ." ಅವಳ ದನಿ ಸಣ್ಣಗಾಯಿತು. "ಒಂದು ವರ್ಷ ಆಯ್ತು ಮಾರಾಯ್ರೆ, ಲೈಸೆನ್ಸ್ ಪರ್ಸಲ್ಲಿಟ್ಟುಕೊಂಡು ಪಕ್ಕದವಳ ಹತ್ರ ಲಿಫ್ಟ್ ಕೇಳ್ತಾ ಇದ್ದೇನೆ. ಅವಳು ಒಂದು ದಿನ ಕೇಳಿದ್ಳು, ನಿನ್ನ ಗಂಡನಿಗೆ ನಿನ್ನ ಮೇಲೆ ನಂಬಿಕೆ ಇಲ್ವಾ ಅಂತ. ನಂಗೆ ಎಷ್ಟು ನಾಚಿಕೆ ಆಯ್ತು ಗೊತ್ತುಂಟಾ?"

ಪಂಪು ಹೊಡೆದು ಬೆವರಿದ್ದ ಮೈ ಒಮ್ಮೆಲೇ ತಣ್ಣಗಾಯಿತು. ನನಗೂ ನಾಚಿಕೆಯಾಯಿತು. ಕೀ ಕೊಟ್ಟು ಪಕ್ಕದ ಸೀಟಿಗೆ ಹೋದೆ. ಮೊದಲ ಎರಡು ತಿರುವುಗಳಲ್ಲಿ ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತಿದ್ದು ನೆನಪಿದೆ. "ಕಾಲು ಎತ್ತಿ, ಅಲ್ಲಿ ಎಂತದೂ ಇಲ್ಲ" ಎಂದು ಅವಳು ಹೇಳಿದ್ದೂ ನೆನಪಿದೆ. ಆಮೇಲೆ ಅವಳು ನನ್ನ ಭುಜ ಅಲುಗಿಸಿ, "ಏಳಿ, ಏರ್‌ಪೋರ್ಟ್ ಬಂತು" ಎಂದದ್ದು. ಮೂರು ಗಂಟೆಗೆ ನಿಲ್ದಾಣದಲ್ಲಿದ್ದೆವು.

ಭಾನುವಾರ ಬೆಳಿಗ್ಗೆ ಮದೀನತ್ ಖಲೀಫಾದ ನಮ್ಮ ಬಾಗಿಲಲ್ಲಿ ಶಶಿಕಲಾ ಕೀ ಕೇಳಲಿಲ್ಲ, ಮೊಳೆಯಿಂದ ತೆಗೆದುಕೊಂಡಳು. "ಇವಳನ್ನು ಶಾಲೆಗೆ ಬಿಟ್ಟು, ಹಾಗೇ ಸಾಮಾನು ತರ್ತೇನೆ. ನಿಮಗೆ ಕಂಪನಿ ಬಸ್ ಉಂಟಲ್ಲ" ಎಂದಳು. ಇಷ್ಟು ಸುಲಭಕ್ಕೆ ಸೋಲುವುದು ಹೇಗೆ? "ನೋಡು, ಬೆಟ್ಟ ಬೇರೆ, ದೋಹಾ ಟ್ರಾಫಿಕ್ ಬೇರೆ. ನೀನು ಓಡಿಸಿದ್ರೆ ನನ್ನ ಬಿಪಿ..." ಎಂದು ಶುರು ಮಾಡಿದೆ. ಅನ್ವಿತಾ ಮೊಬೈಲ್ ನನ್ನ ಮುಖದ ಮುಂದೆ ಹಿಡಿದು ಒತ್ತಿದಳು. ಕಿಟಕಿಯಾಚೆ ಒಂದರ ಹಿಂದೊಂದು ಬೆಟ್ಟದ ತಿರುವುಗಳು ಸರಿಯುತ್ತಿದ್ದವು, ಕೆಳಗೆ ಪ್ರಪಾತ, ಸ್ಟೇರಿಂಗಿನಲ್ಲಿ ನನ್ನ ಹೆಂಡತಿ. ಪಕ್ಕದಲ್ಲಿ ಅವಳು ಓಡಿಸಿದರೆ ಹೆದರುವ ಗಂಡ, ಕತ್ತು ವಾಲಿಸಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ವಿಡಿಯೋ ಹನ್ನೆರಡು ನಿಮಿಷ ಉದ್ದವಿದೆಯಂತೆ. ನಾನು ಎರಡು ನಿಮಿಷ ನೋಡಿ ಬಸ್ಸಿಗೆ ಹೊರಟೆ.