ಬೇಲಿಯಾಚೆಯ ಬಿಳಿ ಹುಲಿ

ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದ ಕಾಜಿಮಿರ್ ಪಾವ್ಲಾಕನ ಹೊಟ್ಟೆಗೆ ಬೆಂಕಿ ಬಿತ್ತು. ಪಕ್ಕದ ಮನೆಯ ಡರ್ಮಟ್‌ನ ಅಂಗಳದಲ್ಲಿ ಆಳೆತ್ತರದ ಹಿಮ. ತನ್ನ ಅಂಗಳದಲ್ಲಿ ಹುಲ್ಲು ಕಾಣುತ್ತಿತ್ತು!

ಬಫಲೋ ಊರಿನಲ್ಲಿ ಇದೇನೂ ಹೊಸದಲ್ಲ. ಈರಿ ಸರೋವರದ ಕಡೆಯಿಂದ ಹಿಮ ಒಂದು ಪಟ್ಟಿಯಾಗಿ ಬರುತ್ತದೆ. ಪಟ್ಟಿಯೊಳಗಿನವರು ಮುಳುಗುತ್ತಾರೆ, ಹೊರಗಿನವರು ಬಿಸಿಲು ಕಾಯಿಸಿಕೊಳ್ಳುತ್ತಾರೆ. ಆದರೆ ಆ ಹಾಳು ಪಟ್ಟಿ ಸರಿಯಾಗಿ ತನ್ನ ಬೇಲಿಗೇ ಬಂದು ನಿಲ್ಲಬೇಕೆ?

ಟಿವಿಯಲ್ಲಿ ವರದಿಗಾರ್ತಿ ಟ್ರುಡಿ ಅರಚುತ್ತಿದ್ದಳು. "ಶತಮಾನದ ಮಹಾಪ್ರಳಯ! ಹಿಮಬಾಂಬ್! ಮಧ್ಯಾಹ್ನ ನಾವು ಕ್ಲೋವರ್ ಬೀದಿಗೆ ಬರ್ತಿದ್ದೀವಿ!"

ಕ್ಲೋವರ್ ಬೀದಿ ಎಂದರೆ ಇವರದೇ. ಹೋದ ವರ್ಷದ ಶತಮಾನದ ಪ್ರಳಯದಲ್ಲೂ ಅವಳು ಬಂದು ಡರ್ಮಟ್‌ನ ಬಾಯಿಗೇ ಮೈಕು ಹಿಡಿದಿದ್ದಳು. "ಇಂಥದ್ದು ಕಂಡಿಲ್ಲ" ಎಂದಷ್ಟೇ ಅವನು ಹೇಳಿದ್ದು. ಅಂದಿನಿಂದ ಮೂಲೆಯ ಬಾರಿನಲ್ಲಿ ಶುಕ್ರವಾರದ ಕರಿದ ಮೀನು ಮೊದಲು ಅವನ ತಟ್ಟೆಗೇ. ಬೆಚ್ಚಗಿನ ಒಲೆ ಪಕ್ಕದ ಕುರ್ಚಿಯೂ ಅವನದೇ. ಮುಂಚೆ ಅದು ಕಾಜಿಮಿರ್‌ನ ಕುರ್ಚಿಯಾಗಿತ್ತು.

ಕಾಜಿಮಿರ್ ಸಲಿಕೆ ಹಿಡಿದು ಬೇಲಿ ದಾಟಿ, ಅಲ್ಲಿಯ ಹಿಮವನ್ನು ತನ್ನ ಮನೆಯತ್ತ ಎಸೆಯತೊಡಗಿದ.

"ರೀ, ಊರವರೆಲ್ಲ ಹಿಮ ಆಚೆ ಹಾಕಿದ್ರೆ ನೀವು ಮನೆಗೆ ತುಂಬ್ಕೊಳ್ತಿದ್ದೀರಲ್ಲ!" ಎಂದಳು ಹೆಂಡತಿ ಬ್ರೊನ್ಯ.

"ನಿಂಗೆ ಗೊತ್ತಾಗಲ್ಲ, ಸುಮ್ನಿರೇ. ಈ ಸಲ ಟಿವೀಲಿ ನಾನು!"

ಡರ್ಮಟ್‌ನ ಅಂಗಳ ಬಳಿದು ಬಳಿದು ತನ್ನ ಮುಂಬಾಗಿಲಿಗೆ, ಕಿಟಕಿಗೆ ಒಟ್ಟಿದ. ಹೇಳಬೇಕಾದ ಮಾತನ್ನೂ ಜೋರಾಗಿಯೇ ಬಾಯಿಪಾಠ ಮಾಡಿಕೊಂಡ: "ಬಿಳಿ ಹುಲಿ ಬಾಯಿಂದ ಬದುಕಿ ಬಂದೆ!" ಡರ್ಮಟ್‌ನ "ಕಂಡಿಲ್ಲ" ಇದರ ಮುಂದೆ ಯಾವ ಲೆಕ್ಕ?

ಟಿವಿ ವ್ಯಾನು ಬೀದಿಗೆ ತಿರುಗಿದ್ದೇ ತಡ, ಸಲಿಕೆಯನ್ನು ಅಲ್ಲೇ ಬಿಸಾಡಿ ಹಿತ್ತಲ ಬಾಗಿಲಿಂದ ಒಳಗೆ ಓಡಿದ. ಹಿಮ ಸೀಳಿಕೊಂಡು ಕಿಟಕಿಯಿಂದ ವೀರನಂತೆ ಹೊರಬರುವುದೆಂದು ಯೋಜನೆ. ತಲೆ ಬಂತು, ಭುಜ ಬಂತು. ಹೊಟ್ಟೆ ಬರಲಿಲ್ಲ. ಬಾಯ್ತುಂಬ ಹಿಮ ತುಂಬಿಕೊಂಡು ಮಾತೂ ಬರಲಿಲ್ಲ.

"ಅಯ್ಯೋ, ಅಲ್ಲಿ ಯಾರೋ ಸಿಕ್ಕಾಕೊಂಡಿದ್ದಾರೆ!" ಎಂದು ಟ್ರುಡಿ ಕೂಗಿದಳು.

ಡರ್ಮಟ್ ಓಡಿ ಬಂದ. ಬಿದ್ದಿದ್ದ ಸಲಿಕೆ ಎತ್ತಿಕೊಂಡು ಹಿಮ ಬಗೆದು, ಕಂಕುಳಿಗೆ ಕೈಹಾಕಿ, ಮೂಲಂಗಿ ಕಿತ್ತಂತೆ ಕಾಜಿಮಿರ್‌ನನ್ನು ಹೊರಗೆಳೆದ. ಪ್ಯಾಂಟು ಕಿಟಕಿಯಲ್ಲೇ ಉಳಿಯಿತು.

"ಹೆದರ್ಬೇಡ ಕಣೋ ಕಾಜಿ, ನಾನಿದ್ದೀನಿ" ಎಂದವನೇ ಕ್ಯಾಮೆರಾದತ್ತ ತಿರುಗಿ ಹೇಳಿದ: "ನಮ್ಮ ಕಾಜಿ ಬಿಳಿ ಹುಲಿ ಬಾಯಿಂದ ಬದುಕಿ ಬಂದ!"

"ಅದು ನನ್ನ ಮಾತು!" ಎಂದು ಕಾಜಿಮಿರ್ ಕಿರುಚುವಷ್ಟರಲ್ಲಿ ಟ್ರುಡಿ ಅವನಿಗೆ ಕಂಬಳಿ ಹೊದಿಸಿ, "ಪಾಪ, ಚಳಿಗೆ ಬಡಬಡಿಸ್ತಿದ್ದಾರೆ" ಎಂದಳು.

ಡರ್ಮಟ್ ಕಿವಿಯ ಹತ್ತಿರ ಬಗ್ಗಿದ. "ಬೆಳಗಿಂದ ಅಡುಗೆಮನೇಲಿ ಕಾಫಿ ಕುಡೀತಾ ಕೇಳ್ತಾನೇ ಇದ್ದೆ ಮಾರಾಯ. ಒಳ್ಳೇ ಮಾತು. ಅಂಗಳ ಬಳಿದಿದ್ದಕ್ಕೂ ಥ್ಯಾಂಕ್ಸು."

ಮಧ್ಯಾಹ್ನದ ಸುದ್ದಿಯಲ್ಲಿ 'ಮಹಾಪ್ರಳಯದ ಮಹಾವೀರ' ಡರ್ಮಟ್ ಮಿಂಚಿದ. ಕಾಜಿಮಿರ್‌ನ ಚೌಕುಳಿ ಚಡ್ಡಿಯೂ ಮಿಂಚಿತು. ಬ್ರೊನ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವನಿಗೆ ಮಾತ್ರ ಮೈಯೆಲ್ಲ ಉರಿ.

ಸಂಜೆ ಗಾಳಿ ದಿಕ್ಕು ಬದಲಿಸಿತು. ಪಟ್ಟಿ ಬೇಲಿ ದಾಟಿ ಈಚೆ ಬಂತು. ನೋಡನೋಡುತ್ತಿದ್ದಂತೆ ಕಾರು ಮುಚ್ಚಿತು, ಎರಡೂ ಬಾಗಿಲು ಮುಚ್ಚಿದವು. ಡರ್ಮಟ್‌ನ ಅಂಗಳದಲ್ಲಿ ಒಂದು ಹರಳೂ ಬೀಳಲಿಲ್ಲ. ಕಾಜಿಮಿರ್ ಕುಣಿಯುತ್ತ ಟಿವಿಯವರಿಗೆ ಫೋನು ಹಚ್ಚಿದ.

"ಬೇಗ ಬನ್ನಿ! ಕ್ಲೋವರ್ ಬೀದೀಲಿ ಮಹಾಪ್ರಳಯ!"

"ಸರ್, ಮಹಾಪ್ರಳಯ ಮಧ್ಯಾಹ್ನಕ್ಕೇ ಮುಗೀತಲ್ಲ" ಎಂದಿತು ಆಚೆಯ ದನಿ. "ಈಗ ಬೀಳ್ತಿರೋದು ಬರೀ ಹಿಮ. ಅಂದ ಹಾಗೆ, ತಾವು ಆ ಚಡ್ಡಿಯವರಲ್ವಾ?"

ಕಾಜಿಮಿರ್ ಫೋನು ಕುಕ್ಕಿ ಸಲಿಕೆ ಹುಡುಕಿದ. ಅದು ಡರ್ಮಟ್‌ನ ಮನೆಯಲ್ಲಿತ್ತು.